ರದ್ದಿ ಮಂಡಳಿಗೆ ಒಂದು ಪುಟ

ಆ ಲೇಖನದ ಹೆಸರು ಕೆಡಿಸಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲಿನ ಒಂದು ವಾರದ ಓಡಾಟಕ್ಕೆಲ್ಲ ಅದೇ ಮೂಲ.

ನಾನು ಹಳಿಯಾಳದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಬಿಡುವಿದ್ದಾಗ ಕನ್ನಡದ ಒಂದು ಆನ್‌ಲೈನ್ ವಿಶ್ವಕೋಶಕ್ಕೆ ಸಂಬಳವಿಲ್ಲದ ಕೆಲಸ ಮಾಡುತ್ತೇನೆ. ಅಲ್ಲಿ ಯಾರು ಬೇಕಾದರೂ ಲೇಖನ ಬರೆಯಬಹುದು. ಬರೆದದ್ದನ್ನು ನೋಡಿ, ತಿದ್ದಿ, ಬೇಡವಾದದ್ದನ್ನು ತೆಗೆಸುವವರು ನಮ್ಮಂಥ ಕೆಲವೇ ಮಂದಿ. ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆದು, ಅಂದಿನ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, 'ಹೊಸ ಪುಟಗಳು' ಎಂಬ ಪಟ್ಟಿ ತೆರೆದು ಕೂರುವುದು ನನ್ನ ರೂಢಿ.

ಆ ಸೋಮವಾರ ಪಟ್ಟಿಯ ತುದಿಯಲ್ಲಿ 'ರದ್ದಿ ಮಂಡಳಿ' ಎಂದಿತ್ತು. ಮೊದಲ ಸಾಲು, 'ದಾಂಡೇಲಿಯ ಕಾಲೇಜೊಂದರ ವಿದ್ಯಾರ್ಥಿಗಳ ಮಂಡಳಿ.' ನಮ್ಮ ಕಡೆ ರಡ್ಡಿ ಸಮಾಜದವರ ಸಂಘಗಳೂ ವಿದ್ಯಾರ್ಥಿನಿಲಯಗಳೂ ಸಾಕಷ್ಟು ಇವೆ. 'ಡ' ಒತ್ತುವಲ್ಲಿ 'ದ' ಒತ್ತುವುದು ದಿನಬೆಳಗಾದರೆ ನೋಡುವ ತಪ್ಪು. ಎರಡನೆಯ ಸಾಲು ಓದುವ ವ್ಯವಧಾನ ನನಗಿರಲಿಲ್ಲ. ಶೀರ್ಷಿಕೆಯನ್ನು 'ರಡ್ಡಿ ಮಂಡಳಿ' ಎಂದು ಬದಲಿಸಿ, ಒಳಗಿದ್ದ 'ರದ್ದಿ'ಗಳನ್ನೆಲ್ಲ ಒಂದೇ ಏಟಿಗೆ 'ರಡ್ಡಿ' ಮಾಡಿ, ಕಾರಣದ ಜಾಗದಲ್ಲಿ 'ಕಾಗುಣಿತ' ಎಂದು ಬರೆದು ಚಹಾ ಕುಡಿಯಲು ಹೋದೆ. ಕಾಗುಣಿತದ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕು ಇದೆ.

ಮಧ್ಯಾಹ್ನದ ಹೊತ್ತಿಗೆ ಲೇಖನದ ನೆತ್ತಿಯ ಮೇಲೆ ಕೆಂಪು ಪಟ್ಟಿ ಬಿದ್ದಿತ್ತು. ಹಾಕಿದವರು ಮೈಸೂರಿನ ಸಂಪಾದಕರು. ನಿವೃತ್ತ ಉಪನ್ಯಾಸಕರು, ನಮ್ಮ ಬಳಗಕ್ಕೆಲ್ಲ ಹಿರಿಯರು. 'ಅಳಿಸಲು ಸೂಚಿಸಲಾಗಿದೆ. ಜಾತಿ ಸಂಘಟನೆಯ ಪ್ರಚಾರ. ಗಮನಾರ್ಹತೆ ಇಲ್ಲ. ಒಂದೂ ಆಧಾರವಿಲ್ಲ. ಕಟ್ಟುಕತೆಯಂತಿದೆ,' ಎಂದು ಬರೆದಿದ್ದರು. ಪಟ್ಟಿ ಬಿದ್ದ ಮೇಲೆ ಏಳು ದಿನ ಚರ್ಚೆ ನಡೆಯಬೇಕು. ಉಳಿಸಿ ಎನ್ನುವವರು ಆಧಾರ ತೋರಿಸಬೇಕು. ಏಳನೆಯ ದಿನ, ಚರ್ಚೆಯಲ್ಲಿ ಭಾಗವಹಿಸದ ಒಬ್ಬ ನಿರ್ವಾಹಕರು ಎಲ್ಲವನ್ನೂ ಓದಿ ತೀರ್ಮಾನ ಮಾಡುತ್ತಾರೆ.

ಮಂಗಳವಾರ ಬೆಳಿಗ್ಗೆ ಲೇಖನ ಬರೆದವರ ಉತ್ತರ ಬಂದಿತ್ತು. 'ಇದು ಜಾತಿ ಸಂಘ ಅಲ್ಲರಿ. ಇದು ರದ್ದಿ. ಮನಿಯಾಗ ಹಳೆ ಪೇಪರ್ ಕೂಡಿಸಿ ಹಾಕ್ತೇವಲ್ಲ, ಆ ರದ್ದಿ. ಯಾರು ಇದಕ್ಕ ಡ ಹಾಕಿದವರು? ನಮ್ಮ ಅಣ್ಣ ಇಟ್ಟ ಹೆಸರು ಕೆಡಸಬ್ಯಾಡ್ರಿ.'

ದಾಂಡೇಲಿಯಂಥ ಕಾಗದದ ಕಾರ್ಖಾನೆಯ ಊರಿನ ಹತ್ತಿರವೇ ಬಾಳುತ್ತ, ರದ್ದಿ ಎಂಬ ಮಾತನ್ನು ದಿನಾ ಆಡುತ್ತ, ಅದು ಕಣ್ಣೆದುರು ಬಂದಾಗ ತಪ್ಪು ಎಂದು ತಿದ್ದಿದ್ದೆ. ಆಗ ಕುಳಿತು ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.

ಬರಹ ಚೆನ್ನಾಗಿರಲಿಲ್ಲ. 'ಮಹಾನ್', 'ಅಪ್ರತಿಮ' ಎಂಬ ಮಾತುಗಳು ಸಾಲಿಗೆ ಎರಡರಂತೆ ಬರುತ್ತಿದ್ದವು. ಆದರೆ ಹೇಳಿದ ಸಂಗತಿ ಬೇರೆ ಥರದ್ದು. ಮೂವತ್ತು ವರ್ಷದ ಹಿಂದೆ ದಾಂಡೇಲಿಯ ಆ ಕಾಲೇಜಿಗೆ ಜೋಯಿಡಾ ಕಡೆಯ ಕಾಡೂರುಗಳಿಂದ ಹುಡುಗ ಹುಡುಗಿಯರು ಬರುತ್ತಿದ್ದರು. ಮಳೆಗಾಲದಲ್ಲಿ ಹಳ್ಳ ಏರಿ ಬಸ್ಸು ನಿಂತರೆ ವಾರಗಟ್ಟಲೆ ಅವರ ಮುಖ ಕಾಣುತ್ತಿರಲಿಲ್ಲ. ಮರಳಿ ಬಂದಾಗ ಅವರ ಬೆಂಚಿನಲ್ಲಿ ಒಂದು ಚೀಟಿ ಇರುತ್ತಿತ್ತು: ನಿಘಂಟಿನ ಹಿಂದೆ ನೋಡು. ಗ್ರಂಥಾಲಯದಲ್ಲಿ ಯಾರೂ ಮುಟ್ಟದ ದಪ್ಪ ನಿಘಂಟಿನ ಹಿಂದೆ, ತಪ್ಪಿಹೋದ ಪಾಠಗಳ ನೋಟ್ಸ್ ಕೈಬರಹದಲ್ಲಿ, ರದ್ದಿ ಕಾಗದಕ್ಕೆ ಹೊಲಿಗೆ ಹಾಕಿದ ಪುಸ್ತಕವಾಗಿ ಕಾಯುತ್ತಿತ್ತು. ಬರೆದವರು ಯಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಐದು ಜನರ ಗುಪ್ತ ಸಂಘ ಅದು. ಸ್ಥಾಪಕನೆಂದು ಒಬ್ಬನ ಹೆಸರಿತ್ತು. 'ಉಳಿದ ನಾಲ್ವರ ಹೆಸರು ಹೇಳುವಂತಿಲ್ಲ,' ಎಂದು ಲೇಖನ ಮುಗಿದಿತ್ತು. ನಿಘಂಟನ್ನು ಯಾರೂ ಮುಟ್ಟುವುದಿಲ್ಲ ಎಂಬ ಭರವಸೆಯ ಮೇಲೆ ಒಂದು ಸಂಘವೇ ನಡೆದಿತ್ತೆಂದು ಓದಿ, ಗ್ರಂಥಪಾಲಕಿಯಾಗಿ ನನಗೆ ಸ್ವಲ್ಪ ಚುಚ್ಚಿತು ಕೂಡ.

ಶೀರ್ಷಿಕೆಯನ್ನೂ ಒಳಗಿನ 'ರದ್ದಿ'ಗಳನ್ನೂ ಮೊದಲಿನಂತೆ ಮಾಡಿ, ಚರ್ಚೆಯಲ್ಲಿ ನನ್ನ ತಪ್ಪು ಒಪ್ಪಿಕೊಂಡು ಮೈಸೂರಿನವರಿಗೆ ಫೋನ್ ಮಾಡಿದೆ.

"ಜಾತಿ ಸಂಘ ಅಲ್ಲ ಅಂತಾಯ್ತು, ಒಳ್ಳೇದು. ಆ ಕಾರಣ ಹಿಂದಕ್ಕೆ ತಗೋತೀನಿ," ಎಂದರು. "ಆದರೆ ಆಧಾರ ಎಲ್ಲಿ ಮೇಡಂ? ಸಂಘಕ್ಕೆ ಸಂಬಂಧಪಡದ ಯಾರಾದರೂ ಅದರ ಬಗ್ಗೆ ಬರೆದು ಅಚ್ಚಾಗಿರಬೇಕು. ಒಂದಲ್ಲ, ಕಡೇಪಕ್ಷ ಎರಡು."

"ಗುಪ್ತ ಸಂಘ ಸರ್. ಅದರ ಬಗ್ಗೆ ಯಾರು ಬರೀತಾರ?"

"ನಾನು ಹೇಳ್ತಿರೋದೂ ಅದೇ. ಗುಟ್ಟಾಗಿ ಉಳಿದಿದ್ದರೆ ಆಧಾರ ಇರೋದಿಲ್ಲ. ಆಧಾರ ಇಲ್ಲದಿದ್ದರೆ ನಮ್ಮಲ್ಲಿ ಪುಟ ಇಲ್ಲ. ನೀವು ಆ ಕಡೆಯವರು, ಏಳು ದಿನ ಇದೆ, ಹುಡುಕಿ ನೋಡಿ."

ಬುಧವಾರ ಅರ್ಧ ದಿನ ರಜೆ ಹಾಕಿ ದಾಂಡೇಲಿಗೆ ಹೋದೆ. ಚರ್ಚೆಯ ಪುಟದಲ್ಲಿ ವಿಳಾಸ ಕೇಳಿಕೊಂಡಿದ್ದೆ, ಲೇಖನ ಬರೆದವರು ಕಾಲೇಜಿನ ಎದುರಿಗೇ ಝೆರಾಕ್ಸ್ ಅಂಗಡಿ ಇಟ್ಟಿದ್ದರು. ಒಂದು ಯಂತ್ರ, ಒಂದು ಕುರ್ಚಿ, ಗಿರಾಕಿ ನಿಲ್ಲಲು ಒಂದು ಮೆಟ್ಟಿಲು. ನಲವತ್ತರ ಆಸುಪಾಸಿನ ಹೆಣ್ಣುಮಗಳು. ನಾನು ಯಾರೆಂದು ಹೇಳುತ್ತಲೇ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು.

"ಡ ಹಾಕಿದವರು ನೀವ ಏನ್ರೀ?"

"ಹೌದವ್ವ. ನಾನ. ತಪ್ಪಾತು."

"ಬರ್ರಿ ಅಕ್ಕಾರ, ಕುಂದರ್ರಿ," ಎಂದು ಇದ್ದ ಒಂದು ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟಳು.

ಅವರ ತಂದೆ ಧಾರವಾಡದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಅಣ್ಣನೂ ಓದು ಮುಗಿಸಿ ಅಲ್ಲೇ ಫಿಟರ್ ಆದ. ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡ.

"ಮಣ್ಣಿಗೆ ಬಂದ ಮಂದಿ ಏನಂದ್ರು ಗೊತ್ತೇನ್ರೀ? ಪಾಪ, ಲಗ್ನಾನೂ ಆಗಲಿಲ್ಲ, ಏನೂ ಮಾಡಲಿಲ್ಲ, ಹೋಗಿಬಿಟ್ಟ ಅಂದ್ರು. ಏನೂ ಮಾಡಲಿಲ್ಲ ಅಂತ ಹೆಂಗಂತಾರ? ಮಾಡ್ಯಾನ. ನಾ ಕಣ್ಣಾರೆ ನೋಡೇನಿ. ಆ ಪುಸ್ತಕ ಹೊಲದಾಕಿ ನಾನ."

ಅಣ್ಣ ರದ್ದಿ ಅಂಗಡಿಯಿಂದ ಒಂದು ಬದಿ ಖಾಲಿಯಿದ್ದ ಕಾಗದ ಆರಿಸಿ ತರುತ್ತಿದ್ದನಂತೆ. ಸ್ಕೂಲಿಗೆ ಹೋಗುತ್ತಿದ್ದ ಈಕೆ ಅದನ್ನು ಮಡಿಸಿ, ಚೀಲ ಹೊಲಿಯುವ ದಬ್ಬಣದಿಂದ ಬೆನ್ನಿಗೆ ಹೊಲಿಗೆ ಹಾಕಿ ಕೊಡುತ್ತಿದ್ದಳು. ಬರವಣಿಗೆ ಆಮೇಲೆ. ಬರೆದ ಮೇಲೆ ಒಂದನ್ನೂ ಈಕೆ ಕಂಡಿಲ್ಲ.

"ಯಾಕ ಗುಟ್ಟು ಅಂತ ಕೇಳಿದ್ರ, ನಿನಗ್ಯಾಕ, ಸುಮ್ಮನ ಹೊಲಿ ಅಂತಿದ್ದ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಿದ್ದ. ಈಗ ನಾ ಜಗತ್ತಿಗೆಲ್ಲ ಹೇಳಾಕ ಹೊಂಟೇನಿ." ಸ್ವಲ್ಪ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಒಂದು ಪುಟ ಸಾಕ್ರಿ ಅಕ್ಕಾರ. ಯಾರರ ಅಣ್ಣನ ಹೆಸರು ಹಾಕಿ ಹುಡುಕಿದ್ರ ಒಂದು ಪುಟ ಬರಬೇಕು. ಅಷ್ಟ," ಎಂದಳು.

ಹಳಿಯಾಳಕ್ಕೆ ಮರಳುವ ಬಸ್ಸಿನಲ್ಲಿ ನನಗೆ ಆ ಪುಟ ಉಳಿಸಲೇಬೇಕು ಎನ್ನಿಸಿತು. ನಿಯಮ ಹಾಗಿರಲಿ, ನಾನು ನಾಚಿಕೊಂಡಿದ್ದೆ. ನನ್ನ ಒಂದು ಅಕ್ಷರದಿಂದ ಆಕೆಯ ಅಣ್ಣ ಕಟ್ಟುಕತೆ ಎನ್ನಿಸಿಕೊಂಡಿದ್ದ.

ಗುರುವಾರ ಇಡೀ ದಿನ ಹುಡುಕಿದೆ. ಅಂತರ್ಜಾಲದಲ್ಲಿ 'ರದ್ದಿ' ಎಂದರೆ ಗುಜರಿಯವರ ವಿಳಾಸಗಳೇ ಬರುತ್ತಿದ್ದವು. ಆ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳನ್ನು ತರಿಸಿ ನೋಡಿದೆ. ಮಂಡಳಿಯ ಸುದ್ದಿ ಇರಲಿಲ್ಲ, ಇದ್ದಿದ್ದರೂ ಕಾಲೇಜೇ ಅಚ್ಚು ಹಾಕಿದ್ದು ಸ್ವತಂತ್ರ ಆಧಾರ ಆಗುತ್ತಿರಲಿಲ್ಲ. ಸಾಯಂಕಾಲ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುವಾಗ ಒಂದು ವಿಚಾರ ಬಂತು. ನಾನು ಮಾಡಿದ ತಪ್ಪನ್ನು ಈ ಸೀಮೆಯ ಇನ್ನೊಬ್ಬರೂ ಮಾಡಿರಬಹುದಲ್ಲ.

ನಮ್ಮ ಗ್ರಂಥಾಲಯದಲ್ಲಿ ನನಗಿಂತ ಹಿಂದಿದ್ದವರು ಸುತ್ತಲಿನ ವಾರಪತ್ರಿಕೆಗಳ ಸುದ್ದಿಗಳಿಗೆ ಕಾರ್ಡು ಬರೆದಿಟ್ಟಿದ್ದಾರೆ. ಆ ಮರದ ಡಬ್ಬಿಗಳನ್ನು ನಾನು ಎಸೆಯಲೂ ಇಲ್ಲ, ಬಳಸಲೂ ಇಲ್ಲ. 'ಸಮಾಜ, ಸಂಘಗಳು' ಎಂಬ ಡಬ್ಬಿ ಎಳೆದೆ. ರ ಅಕ್ಷರದಲ್ಲಿ ಐದಾರು ಕಾರ್ಡು ತಿರುವಿದ ಮೇಲೆ ಅದು ಸಿಕ್ಕಿತು: 'ರಡ್ಡಿ ಸಂಘ, ದಾಂಡೇಲಿ ಕಾಲೇಜು. ಬಡ ವಿದ್ಯಾರ್ಥಿಗಳಿಗೆ ನೋಟ್ಸ್.' ಕೆಳಗೆ ಒಂದು ವಾರಪತ್ರಿಕೆಯ ಹೆಸರು, ಸಂಚಿಕೆಯ ಸಂಖ್ಯೆ. ಆ ಪತ್ರಿಕೆ ನಿಂತು ಎಷ್ಟೋ ಕಾಲವಾಗಿತ್ತು. ಅದರ ಸಂಪಾದಕರು ಮುಂಡಗೋಡ ತಾಲೂಕಿನ ಸನವಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ನಾಲ್ಕು ಫೋನಿನ ನಂತರ ತಿಳಿಯಿತು.

ಅದೇ ಸಂಜೆ ಚರ್ಚೆಯ ಪುಟದಲ್ಲಿ ಒಂದು ಹೊಸ ಮಾತು ಕಂಡಿತು. ಖಾತೆ ಇಲ್ಲದವರು ಬರೆದರೆ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿರುತ್ತವೆ. ಅಂಥ ಅಂಕಿಗಳ ಮುಂದೆ, 'ಇದು ಕಟ್ಟುಕತೆ ಅಲ್ಲ. ನನಗೆ ಸಿಕ್ಕಿದೆ. ಇನ್ನೂ ನನ್ನ ಹತ್ತಿರ ಇದೆ,' ಎಂದಿತ್ತು. ಗ್ರಂಥಾಲಯದ ಇ-ಮೇಲ್ ವಿಳಾಸ ಕೊಟ್ಟು, ದಯವಿಟ್ಟು ಸಂಪರ್ಕಿಸಿ ಎಂದು ಕೆಳಗೆ ಬರೆದೆ.

ಶುಕ್ರವಾರ ಎರಡು ಬಸ್ಸು ಬದಲಿಸಿ ಸನವಳ್ಳಿ ಮುಟ್ಟಿದೆ. ಸಂಪಾದಕರಿಗೆ ಎಂಬತ್ತು ದಾಟಿದೆ. ಹಣೆಯ ತುಂಬ ವಿಭೂತಿ, ಕಿವಿ ಸ್ವಲ್ಪ ಮಂದ, ಬಾಯಿ ಚುರುಕು. ಪತ್ರಿಕೆಯ ಹಳೆಯ ಸಂಚಿಕೆಗಳನ್ನು ವರ್ಷವಾರು ಗಂಟು ಕಟ್ಟಿ, ನಡುನಡುವೆ ಬೇವಿನ ಸೊಪ್ಪು ಇಟ್ಟು ಅಟ್ಟದ ಮೇಲೆ ಹಾಕಿದ್ದರು. ಮಗಳು ಏಣಿ ಹತ್ತಿ ಗಂಟು ಇಳಿಸಿಕೊಟ್ಟಳು. ಮೂರನೆಯ ಪುಟದ ಮೂಲೆಯಲ್ಲಿ, ಅಂಗೈಯಗಲದ ಸುದ್ದಿ. ಅಜ್ಞಾತ ವಿದ್ಯಾರ್ಥಿಗಳ 'ರಡ್ಡಿ ಸಂಘ' ಗೈರುಹಾಜರಾದವರಿಗೆ ಪಾಠ ಬರೆದಿಡುತ್ತಿದೆ, ಅಧ್ಯಾಪಕರಿಗೂ ಇವರ ಗುರುತಿಲ್ಲ, ಇತ್ಯಾದಿ.

"ಅಚ್ಚಿನ ಮೊಳೆ ಜೋಡಸಾವ್ರು ತಪ್ಪು ಮಾಡ್ಯಾರ ಅನಸ್ತೇತಿ ಕಾಕಾ. ಇದು ರದ್ದಿ ಆಗಬೇಕಿತ್ತು," ಎಂದೆ.

"ಅವರದೇನು ತಪ್ಪಿಲ್ಲವಾ ತಂಗಿ. ನಾನ ತಿದ್ದಿದ್ದು. ಸುದ್ದಿ ಬರದ್ ಕೊಟ್ಟ ಹುಡುಗ ರದ್ದಿ ಅಂತನ ಬರದಿದ್ದ. ರದ್ದಿ ಅಂತ ಯಾರರ ತಮ್ಮ ಸಂಘಕ್ಕ ಹೆಸರಿಡ್ತಾರೇನು, ಹುಡುಗರಿಗೆ ಒತ್ತಕ್ಷರ ಬರಾಂಗಿಲ್ಲ ಅಂತ ನಾನ ಕೆಂಪು ಶಾಯಿಲೆ ಡ ಮಾಡಿದೆ."

"ಅಚ್ಚಾದ ಮ್ಯಾಲೆ ಯಾರೂ ಬಂದು ಕೇಳಲಿಲ್ಲೇನು?"

"ಯಾರು ಬರ್ತಾರ? ಕೇಳಾಕ ಬಂದ್ರ ತಾವ ಆ ಸಂಘದವರು ಅಂತ ಗೊತ್ತಾಗಿ ಬಿಡ್ತಿತ್ತಲ್ಲ."

ಇಬ್ಬರೂ ನಕ್ಕೆವು. ನನಗೆ ಒಳಗೊಳಗೇ ಸಮಾಧಾನವೂ ಆಯಿತು, ಇಷ್ಟು ಹಿರಿಯರೂ ನನ್ನ ಹಾಗೆಯೇ ಎಡವಿದ್ದರು. ಸುದ್ದಿಯ ಫೋಟೋ ತೆಗೆದುಕೊಂಡೆ. ಒಂದು ಆಧಾರ ಸಿಕ್ಕಿತು, ಹೆಸರು ತಪ್ಪಾಗಿದ್ದರೂ. ಇನ್ನೊಂದು ಬೇಕು ಎಂದಾಗ ಅವರು ತಡಮಾಡಲಿಲ್ಲ.

"ಅದಕ್ಯಾಕ ಇಷ್ಟು ಚಿಂತಿ? ಧಾರವಾಡದ ಪೇಪರಿಗೆ ಇವತ್ತಿಗೂ ಐತವಾರ ಐತವಾರ ಅಂಕಣ ಬರೀತೇನಿ. ಈ ವಾರ ಇದನ್ನ ಬರದು ಬಿಡ್ತೇನಿ. ನಿನ್ನ ಎರಡನೇ ಆಧಾರ ಬಂತಲ್ಲ. ಆದ್ರ ತಗೊಂಡವರು ಒಬ್ಬರು ಬೇಕು ನೋಡು. ಹೆಸರು, ಊರು, ಒಂದು ಫೋಟೋ. ನಾಳೆ ಸಂಜಿ ಒಳಗ ಕೊಡು."

ಮನೆಗೆ ಬರುವಷ್ಟರಲ್ಲಿ ಅಂಕಿಗಳ ಮನುಷ್ಯನ ಇ-ಮೇಲ್ ಬಂದಿತ್ತು. ಒಂದು ಮೊಬೈಲ್ ಸಂಖ್ಯೆ, ಕ್ಯಾಸಲ್‌ರಾಕ್ ಎಂಬ ಊರಿನ ಹೆಸರು, ಮತ್ತೇನೂ ಇಲ್ಲ. ಎಲ್ಲ ಕೂಡಿ ಬರುತ್ತಿದೆ ಎಂದು ಖುಷಿಯಾಗಿ ಅಂದು ಊಟ ಸ್ವಲ್ಪ ಜಾಸ್ತಿಯೇ ಮಾಡಿದೆ.

ಶನಿವಾರ ರಾಮನಗರದವರೆಗೆ ಬಸ್ಸು, ಅಲ್ಲಿಂದ ಕಾಡಿನ ದಾರಿಯಲ್ಲಿ ಟೆಂಪೋ. ಆತ ಕ್ಯಾಸಲ್‌ರಾಕ್ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದರು. ಐವತ್ತರ ಹತ್ತಿರದ ರೈಲ್ವೆ ನೌಕರ. ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿ, ಹೆಂಡತಿಗೆ ಕೊಂಕಣಿಯಲ್ಲಿ ಚಹಾ ಹೇಳಿ, ಕಬ್ಬಿಣದ ಟ್ರಂಕು ತೆಗೆದರು. ಅಂಕಪಟ್ಟಿಗಳ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಆ ಪುಸ್ತಕ ಇತ್ತು.

ಅಂಗೈಗೆ ತುಸು ದೊಡ್ಡದು. ಹಾಳೆಗಳ ಒಂದು ಬದಿಗೆ ಹಳೆಯ ಪ್ರಶ್ನೆಪತ್ರಿಕೆ, ಮದುವೆಯ ಕರೆಯೋಲೆ, ಗೊಬ್ಬರದ ಜಾಹೀರಾತು. ಇನ್ನೊಂದು ಬದಿಗೆ ನೀಲಿ ಶಾಯಿಯಲ್ಲಿ ಅರ್ಥಶಾಸ್ತ್ರದ ಪಾಠ, ಅವಸರವಿಲ್ಲದ ದುಂಡು ಅಕ್ಷರ. ಬೇಡಿಕೆಯ ನಿಯಮಕ್ಕೆ ಉದಾಹರಣೆಯಾಗಿ ಸಂತೆಯ ಬದನೆಕಾಯಿ ಇತ್ತು. ಮೇಷ್ಟ್ರು ಹೇಳಿದ್ದೋ ಬರೆದವರು ಸೇರಿಸಿದ್ದೋ ತಿಳಿಯದು. ಕೊನೆಯ ಪುಟದಲ್ಲಿ ಪಾಠ ಮುಗಿದ ಮೇಲೆ ಒಂದು ಗೆರೆ ಎಳೆದು, ಕೆಳಗೆ ಒಂದೇ ಸಾಲು ಬರೆದಿತ್ತು.

'ಓದಿ ಆದ ಮ್ಯಾಲೆ ರದ್ದಿಗೆ ಹಾಕು.'

ಆ ಸಾಲನ್ನು ಎರಡು ಸಲ ಓದಿದೆ. ರದ್ದಿ ಕಾಗದದಲ್ಲಿ ಬರೆದದ್ದಕ್ಕೆ ರದ್ದಿ ಮಂಡಳಿ ಎಂದು ತಂಗಿ ತಿಳಿದಿದ್ದಳು, ನಾನೂ ತಿಳಿದಿದ್ದೆ. ಹಾಗಿರಲಿಲ್ಲ. ಬರೆದದ್ದು ಉಳಿಯಬಾರದು ಎಂಬುದೇ ಅವರ ನಿಯಮ. ನಾನು ಮೂರು ತಾಲೂಕು ಸುತ್ತಿ ಆಧಾರ ಹುಡುಕುತ್ತಿದ್ದೆ. ಅವರು ಆಧಾರ ಇರದಂತೆ ಮೊದಲೇ ನೋಡಿಕೊಂಡಿದ್ದರು.

"ಎಲ್ಲಾ ಪುಸ್ತಕದಾಗೂ ಹಿಂಗ ಬರದಿರ್ತಿತ್ತ್ರಿ," ಎಂದರು ಆತ. "ನಮ್ಮ ಕಡೆಯವರು ಎಲ್ಲಾರೂ ಹಾಕಿದ್ರು. ಒಲಿಗೆ ಹಾಕಿದವರೂ ಅದಾರ. ನನಗ ಹಾಕಾಕ ಆಗಲಿಲ್ಲ. ಇಷ್ಟು ಪುಟ ಯಾರೋ ನನ್ನ ಸಲುವಾಗಿ ಬರದಾರಲ್ಲ ಅನಸ್ತು."

"ಯಾರು ಬರದದ್ದು ಅಂತ ಹುಡುಕಲಿಲ್ಲೇನ್ರಿ?"

"ಯಾಕ ಹುಡುಕಬೇಕು? ಕ್ಲಾಸಿನಾಗ ಯಾರನ್ನ ನೋಡಿದ್ರೂ ಇವನ ಇರಬಹುದು ಅನಸ್ತಿತ್ತು. ಅದಕ್ಕ ಎಲ್ಲಾರ ಸಂಗತೀನೂ ಚಲೋ ಇದ್ದೆ."

ನಾನು ಅಂಕಣದ ವಿಷಯ ತೆಗೆದೆ. ಹೆಸರು, ಊರು, ಫೋಟೋ. ಆತ ಚಹಾದ ಲೋಟ ಕೆಳಗಿಟ್ಟರು.

"ಬ್ಯಾಡ್ರಿ ಮೇಡಂ. ಅದು ಕಟ್ಟುಕತೆ ಅಂತ ಬರದಿದ್ರಲ್ಲ, ಅದು ತಡಕೊಳ್ಳಾಕ ಆಗಲಿಲ್ಲ, ಅದಕ್ಕ ಎರಡು ಮಾತು ಹಾಕಿದೆ. ಆದ್ರ ಹೆಸರು ಬ್ಯಾಡ. ಮೂವತ್ತು ವರ್ಷ ಆತು, ಇವನ್ನ ಪಾಸ್ ಮಾಡಿಸಿದವರು ನಾವು ಅಂತ ಒಬ್ಬರೂ ನನ್ನ ಮುಂದ ಅಂದಿಲ್ಲ. ಮದುವಿ ಮುಂಜಿಯೊಳಗ ಹಳೆ ಗೆಳೆಯರು ಸಿಗ್ತಾರ. ಅದರಾಗ ಬರದವರೂ ಇರಬಹುದು. ಸಮ ಸಮ ಕುಂತು ಊಟ ಮಾಡ್ತೇವಿ. ಪೇಪರಿನಾಗ ಬಂತಂದ್ರ ನಾಳಿಂದ ನಾನು ತಗೊಂಡಾವ, ಅವರು ಕೊಟ್ಟಾವ್ರು."

ಆತ ಪುಸ್ತಕವನ್ನು ಚೀಲಕ್ಕೆ ಹಾಕಿ, ಮತ್ತೆ ಟ್ರಂಕಿನಲ್ಲಿಡದೆ ನನ್ನ ಕಡೆ ಚಾಚಿದರು.

"ಆ ಲೇಖನ ಬರದವರು ಮಂಡಳಿಯವರ ಪೈಕಿನ ಇರಬೇಕು. ಅವರಿಗೆ ಮುಟ್ಟಿಸ್ರಿ. ಒಂದಾದ್ರೂ ಉಳದೇತಿ ಅಂತ ಗೊತ್ತಾಗಲಿ. ನನ್ನ ಹೆಸರು ಅವರಿಗೆ ಬ್ಯಾಡ. ಅವರ ಹೆಸರು ನನಗ ಬ್ಯಾಡ."

"ಲೇಖನದಾಗ ಒಬ್ಬರ ಹೆಸರು ಐತಲ್ಲ. ನೋಡಿರಬೇಕಲ್ರಿ ನೀವು."

"ಹೆಸರು ಕಾಣೂ ಮೊದಲ ಮುಚ್ಚಿಬಿಟ್ಟೆ," ಎಂದರು.

ರಾಮನಗರದ ಬಸ್ ನಿಲ್ದಾಣದಲ್ಲಿ ಕುಳಿತು ನಾನು ತೀರ್ಮಾನ ಮಾಡಿದೆ. ಆತನ ಹೆಸರಿಲ್ಲದೆಯೂ ಅಂಕಣ ಬರೆಸಬಹುದಿತ್ತು. ಮುದುಕರು ಒಪ್ಪಿಸಿದರೆ ಒಪ್ಪುತ್ತಿದ್ದರು. ಆದರೆ ನಾಳೆ ಬರುವ ಆ ಅಂಕಣ ನಮ್ಮ ಚರ್ಚೆಗಾಗಿಯೇ ಹುಟ್ಟಿದ್ದು. ನಾನೇ ಹೇಳಿ ಬರೆಸಿ, ನಾನೇ ಅದನ್ನು ಆಧಾರ ಎಂದು ತೋರಿಸುವುದು ನಾನೇ ನನಗೆ ಪ್ರಮಾಣಪತ್ರ ಬರೆದುಕೊಂಡಂತೆ. ಬೇರೆಯವರು ಹೀಗೆ ಮಾಡಿದಾಗ ನಾನು ಎಷ್ಟು ಲೇಖನ ತೆಗೆಸಿಲ್ಲ. ನಿಯಮದ ಮಾತು ಅದು. ಅದಕ್ಕಿಂತ ಹೆಚ್ಚಾಗಿ ತೊಡೆಯ ಮೇಲಿದ್ದ ಚೀಲದೊಳಗಿನ ಆ ಒಂದು ಸಾಲು ನನ್ನನ್ನು ಬಿಡಲಿಲ್ಲ. ಸನವಳ್ಳಿಗೆ ಫೋನ್ ಮಾಡಿ ಬೇಡ ಎಂದೆ.

"ಅರ್ಧಾ ಬರದೇನಲ್ಲವಾ ತಂಗಿ!"

"ತಪ್ಪಾತು ಕಾಕಾ. ಅದನ್ನ ತಗದು ಬಿಡ್ರಿ."

"ತಗದು ಎಲ್ಲೆ ಹಾಕ್ಲಿ?"

"ರದ್ದಿಗೆ."

ಕೆಮ್ಮು ಬರುವ ತನಕ ನಕ್ಕರು.

ಭಾನುವಾರ ಚರ್ಚೆಯ ಪುಟದಲ್ಲಿ ನನ್ನ ವರದಿ ಹಾಕಿದೆ. ಒಂದು ಅಚ್ಚಾದ ಆಧಾರ ಸಿಕ್ಕಿದೆ, ಅದರಲ್ಲಿ ಹೆಸರು ತಪ್ಪಾಗಿದೆ, ತಪ್ಪಿನ ಕಾರಣ ಇಂಥದ್ದು. ಕೈಬರಹದ ಒಂದು ಪುಸ್ತಕ ಕಣ್ಣಾರೆ ಕಂಡಿದ್ದೇನೆ, ಆದರೆ ನಾನು ಕಂಡದ್ದು ಆಧಾರವಲ್ಲ. ಮಂಡಳಿ ಇದ್ದದ್ದು ನಿಜ ಎಂದು ನನಗೆ ಸಂಶಯವಿಲ್ಲ. ನನ್ನ ಅಭಿಪ್ರಾಯ: ಅಳಿಸಿ. ಕೊನೆಯ ಆ ಪದ ಒತ್ತುವಾಗ ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಹತ್ತು ನಿಮಿಷದಲ್ಲಿ ಮೈಸೂರಿನ ಫೋನು. "ಏನ್ ಮೇಡಂ, ನಾನು ಉಳಿಸೋಣ ಅಂತ ಬರೆಯೋಕೆ ಕೂತಿದ್ದೆ. ಆ ಹಳೇ ವಾರಪತ್ರಿಕೆ ಸಿಕ್ಕಿದ್ದೇ ದೊಡ್ಡ ವಿಷಯ. ಇನ್ನೊಂದಕ್ಕೆ ಕಾಯಬಹುದಿತ್ತು."

ಕೊನೆಯ ಪುಟದ ಸಾಲನ್ನು ಅವರಿಗೆ ಹೇಳಿದೆ.

"ನಲವತ್ತು ವರ್ಷ ನೋಟ್ಸ್ ಬರೆಸಿದೀನಿ," ಎಂದರು. "ಮಕ್ಕಳು ಅದನ್ನ ಹೀಗೆ ದಾಟಿಸ್ತಿದ್ದಾರಾ ಅಂತ ಒಂದು ದಿನಾನೂ ಯೋಚನೆ ಮಾಡಲಿಲ್ಲ ನೋಡಿ." ಆಮೇಲೆ ಅವರ ಎಂದಿನ ದನಿ ಮರಳಿತು. "ಸ್ವಂತ ಪುಟಕ್ಕೆ ಒಂದು ಆಧಾರ ಸಾಲದು. ಆದರೆ ಕಾಲೇಜಿನ ಲೇಖನದಲ್ಲಿ ಒಂದು ಸಾಲಿಗೆ ಸಾಕು. ಹಾಕಿ."

ಹಾಕಿದೆ. 'ಮಳೆಗಾಲದಲ್ಲಿ ಬರಲಾಗದ ವಿದ್ಯಾರ್ಥಿಗಳಿಗೆ ಅಜ್ಞಾತ ಸಹಪಾಠಿಗಳು ಪಾಠ ಬರೆದಿಡುತ್ತಿದ್ದರೆಂದು ಸ್ಥಳೀಯ ವಾರಪತ್ರಿಕೆಯೊಂದು ವರದಿ ಮಾಡಿತ್ತು.' ಹೆಸರು ಯಾರದೂ ಇಲ್ಲ. ಸೋಮವಾರ ಮಧ್ಯಾಹ್ನ ನಿರ್ವಾಹಕರು 'ರದ್ದಿ ಮಂಡಳಿ'ಯ ಪುಟವನ್ನು ಅಳಿಸಿದರು.

ಮಂಗಳವಾರ ಮತ್ತೆ ದಾಂಡೇಲಿಗೆ ಹೋದೆ. ಈ ಸಲ ಕುರ್ಚಿ ಬಿಟ್ಟುಕೊಡಲಿಲ್ಲ.

"ರದ್ದಿ ರದ್ದಾತಲ್ರೀ ಅಕ್ಕಾರ," ಎಂದಳು, ಯಂತ್ರದಿಂದ ಮುಖ ಎತ್ತದೆ. "ನೋಡೇನಿ. ಅಳಿಸಿ ಅಂತ ಬರದವರೂ ನೀವ. ಮೊದಲ ಡ ಹಾಕಿದ್ರಿ, ಆಮ್ಯಾಲೆ ಎಲ್ಲಾನೂ ತಗದ್ರಿ."

ಬೈಸಿಕೊಳ್ಳಬೇಕಾದ್ದೇ. ಮೆಟ್ಟಿಲ ಮೇಲೆ ನಿಂತುಕೊಂಡೇ ಸನವಳ್ಳಿಯ ಸುದ್ದಿ ಹೇಳಿದೆ, ಕಾಲೇಜಿನ ಲೇಖನದ ಒಂದು ಸಾಲಿನ ಸುದ್ದಿ ಹೇಳಿದೆ.

"ಅದರಾಗ ಅಣ್ಣನ ಹೆಸರು ಐತೇನ್ರಿ?"

"ಇಲ್ಲವ್ವ."

ಚೀಲದಿಂದ ಪುಸ್ತಕ ತೆಗೆದು ಯಂತ್ರದ ಗಾಜಿನ ಮೇಲಿಟ್ಟೆ. "ಇದು ನಿಮ್ಮ ಅಣ್ಣಂದ ಅಂತ ನಾ ಹೇಳಾಂಗಿಲ್ಲ. ಐದು ಮಂದಿ ಬರೀತಿದ್ರು," ಎಂದೆ.

ಆಕೆ ಅಕ್ಷರ ನೋಡಲಿಲ್ಲ. ಮೊದಲು ಬೆನ್ನು ನೋಡಿದಳು. ಗೋಣಿಯ ದಾರದ ಮೂರು ಹೊಲಿಗೆ, ನಡುವಿನದು ಸ್ವಲ್ಪ ಓರೆ. ಹೆಬ್ಬೆರಳಿನಿಂದ ಅದನ್ನು ಸವರಿದಳು.

"ಹೊಲಿಗಿ ನಂದು," ಎಂದಳು.

ಆಮೇಲೆ ಪುಟ ತೆರೆದಳು. ಮೂರು ನಾಲ್ಕು ಸಾಲಿನವರೆಗೆ ಬೆರಳು ಸರಿಯಿತು, ಒಂದು 'ಳ'ದ ಮೇಲೆ ನಿಂತಿತು. ಅದರ ಬಾಲ ಕೆಳಗಿನ ಸಾಲಿಗೆ ಇಳಿದಿತ್ತು. ಬಾಯಿ ಮುಚ್ಚಿಕೊಂಡು ಯಂತ್ರಕ್ಕೆ ಒರಗಿ ನಿಂತಳು. ಆಧಾರ್ ಕಾರ್ಡಿನ ಝೆರಾಕ್ಸ್ ಬೇಕೆಂದು ಬಂದವರೊಬ್ಬರು ನನ್ನ ಹಿಂದೆ ನಿಂತರು. ತುಸು ತಡೆಯಿರಿ ಎಂದು ನಾನೇ ಕೈಸನ್ನೆ ಮಾಡಿದೆ. ಆಕೆ ಒಂದೊಂದೇ ಹಾಳೆ ತಿರುವುತ್ತ, ಬದನೆಕಾಯಿಯ ಹತ್ತಿರ ಸಣ್ಣಗೆ ನಕ್ಕು, ಕೊನೆಯ ಪುಟಕ್ಕೆ ಬಂದಳು. ಅಲ್ಲಿದ್ದ ಸಾಲನ್ನು ತುಟಿ ಅಲ್ಲಾಡಿಸುತ್ತ ಓದಿದಳು.

"ರದ್ದಿಗೆ ಹಾಕು ಅಂತಾನ."

"ಹೌದು."

"ಅದಕ್ಕ ಅಳಿಸಿ ಅಂದ್ರೇನ್ರಿ ನೀವು?"

"ಅದಕ್ಕೂ."

ಪುಸ್ತಕ ಮುಚ್ಚಿ, ಸೆರಗಿನಿಂದ ಮೇಲಿನ ಧೂಳು ಒರೆಸಿ, ಅದನ್ನು ದುಡ್ಡಿನ ಗಲ್ಲೆಯ ಕೆಳಗಿನ ಖಾನೆಯಲ್ಲಿಟ್ಟು ಕೀಲಿ ಹಾಕಿದಳು.

"ಅಣ್ಣ ಹೇಳಿದ್ದ ನಾ ಯಾವತ್ತು ಕೇಳೇನ್ರಿ," ಎಂದಳು. ಆಮೇಲೆ ಕುರ್ಚಿಯನ್ನು ನನ್ನ ಕಡೆ ನೂಕಿ, "ಇಷ್ಟು ವರ್ಷ ಇದನ್ನ ಯಾರು ಇಟಗೊಂಡಿದ್ರು?" ಎಂದು ಕೇಳಿದಳು.

"ಅದನ್ನ ಹೇಳಾಂಗಿಲ್ಲ."

"ಬ್ಯಾಡ ಬಿಡ್ರಿ," ಎಂದಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಯಾರೋ ನನ್ನಂಗ ಮಾತು ಕೇಳದವರು."